ಬೆಳ್ಳಿಯ ಜಾಗಕ್ಕೆ ಬಂದ ಕ್ರೋಮಿಯಂ

1935ರಲ್ಲಿ ಫ್ರಾನ್ಸಿನ ಭಾರಿ ಪ್ರಯಾಣಿಕ ಹಡಗು ‘ನಾರ್ಮಂಡಿ’ ಮೊದಲ ಸಲ ನ್ಯೂಯಾರ್ಕಿಗೆ ಬಂತು. ಅದೇ ವರ್ಷ ಅಮೆರಿಕದ ರಿವಿಯರ್ ಕಂಪನಿ ಅದೇ ಹೆಸರಿನ ನೀರಿನ ಜಗ್ಗೊಂದನ್ನು ಮಾರುಕಟ್ಟೆಗೆ ತಂದಿತು. ಅದನ್ನು ವಿನ್ಯಾಸ ಮಾಡಿದವರು ಜರ್ಮನಿಯಿಂದ ವಲಸೆ ಬಂದಿದ್ದ ಬೆಳ್ಳಿ ಕುಶಲಕರ್ಮಿ ಪೀಟರ್ ಮುಲ್ಲರ್-ಮಂಕ್. ಮೇಲಿನಿಂದ ನೋಡಿದರೆ ಜಗ್ಗಿನದು ನೀರಹನಿಯ ಆಕಾರ. ಮುಂಭಾಗ ಚೂಪು, ಹಿಂದೆ ಉದ್ದಕ್ಕೂ ಇಳಿದ ಹಿಡಿ. ಕೆತ್ತನೆಯಿಲ್ಲ, ಹೂಬಳ್ಳಿಯಿಲ್ಲ. ಬಾಗಿಸಿದ ಹಿತ್ತಾಳೆ ತಗಡಿಗೆ ಕ್ರೋಮಿಯಂ ಲೇಪ, ಅಷ್ಟೆ. ಆ ಯಂತ್ರಯುಗದ ಗೃಹೋಪಯೋಗಿ ವಸ್ತುಗಳಲ್ಲಿ ಇದರಷ್ಟು ಸೊಗಸಾದದ್ದು ಅಪರೂಪ.

ಅದು ಆರ್ಥಿಕ ಮಹಾಕುಸಿತದ ಕಾಲ. ಬೆಳ್ಳಿ ಕೈಗೆಟುಕದ ಮನೆಗಳಿಗೆ ಕ್ರೋಮಿಯಂ ಕಡಿಮೆ ಬೆಲೆಯಲ್ಲಿ ಹೊಳಪು ಕೊಟ್ಟಿತು. ಬೆಳ್ಳಿಯಂತೆ ಅದು ಕಪ್ಪಾಗುವುದೂ ಇಲ್ಲ.

ಕನೆಕ್ಟಿಕಟ್‌ನ ಚೇಸ್ ಕಂಪನಿ ವಾಲ್ಟರ್ ವಾನ್ ನೆಸೆನ್, ರಸೆಲ್ ರೈಟ್ ಅವರಂಥ ವಿನ್ಯಾಸಕರಿಂದ ಕ್ರೋಮಿಯಂ ಲೇಪದ ತಟ್ಟೆ, ದೀಪ, ಕಾಫಿ ಪಾತ್ರೆಗಳನ್ನು ವಿನ್ಯಾಸ ಮಾಡಿಸಿತು. ಸಂಗ್ರಾಹಕರು ಇವನ್ನು ಕಂಡೊಡನೆ ಬೋರಲು ಹಾಕಿ, ಕಂಪನಿಯ ಗುರುತಾದ, ಬಿಲ್ಲು ಹಿಡಿದ ನರಾಶ್ವದ (ಅರ್ಧ ಮನುಷ್ಯ, ಅರ್ಧ ಕುದುರೆ) ಮುದ್ರೆ ಹುಡುಕುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ತಾಮ್ರ, ಹಿತ್ತಾಳೆ ಶಸ್ತ್ರಾಸ್ತ್ರ ತಯಾರಿಕೆಗೆ ಹೋದವು. ಈ ಸರಕಿನ ತಯಾರಿಕೆ ನಿಂತಿತು.

ಇಂದು ಈ ಹಳೆಯ ವಸ್ತುಗಳನ್ನು ಕೊಳ್ಳುವವರು ಮೊದಲು ಅಂಚು, ಹಿಡಿಗಳನ್ನು ಬೆಳಕಿಗೊಡ್ಡಿ ನೋಡಬೇಕು. ಕ್ರೋಮಿಯಂ ಪದರ ಬಲು ತೆಳು. ಒರಟು ಪುಡಿಯಿಂದ ಉಜ್ಜಿದಲ್ಲೆಲ್ಲ ಹಿತ್ತಾಳೆಯ ಹಳದಿ ಇಣುಕಬಹುದು. ಮೃದು ಬಟ್ಟೆ, ಸೌಮ್ಯ ಸೋಪು ಸಾಕು. ಮರುಲೇಪ ಮಾಡಿಸುವ ಆಸೆ ಬೇಡ: ಅದಕ್ಕೂ ಮುನ್ನ ಮಾಡುವ ಪಾಲಿಶ್‌ನಲ್ಲಿ ತಳದ ಮುದ್ರೆಯೇ ಸವೆದುಹೋಗಬಹುದು.