ಹೊಟ್ಟೆಯೊಳಗಿನ ಬಾಡಿಗೆದಾರರು

ನಾನು ಮೂರನೇ ವರ್ಷದ ಬಿ.ಇ. ವಿದ್ಯಾರ್ಥಿ. ಪರೀಕ್ಷೆ ಹತ್ತಿರ ಬಂತೆಂದರೆ ಬೆಳಿಗ್ಗೆ ಬರೀ ಟೀ, ಮಧ್ಯಾಹ್ನ ಪಫ್ಸ್, ರಾತ್ರಿ ನೂಡಲ್ಸ್ ಇಲ್ಲವೇ ಗೋಬಿ ಮಂಚೂರಿ. ಕಳೆದ ಸೆಮಿಸ್ಟರ್‌ನಲ್ಲಿ ಹೊಟ್ಟೆ ಮುಷ್ಕರ ಹೂಡಿತು. ರೂಮ್‌ಮೇಟ್ ಬಳಿ ಉಳಿದಿದ್ದ ಆ್ಯಂಟಿಬಯಾಟಿಕ್ ಮಾತ್ರೆಗಳನ್ನು ನುಂಗಿದೆ. ಭೇದಿ ನಿಲ್ಲುವ ಬದಲು ಜಾಸ್ತಿಯಾಯಿತು. ಇಂಟರ್ನ್‌ಶಿಪ್‌ನ ಆನ್‌ಲೈನ್ ಪರೀಕ್ಷೆ ನಡೆಯುವಾಗ ಮೂರು ಸಲ ಎದ್ದು ಓಡಿದೆ. ಕೋಡ್ ಅರ್ಧಕ್ಕೇ ನಿಂತಿತು, ಅವಕಾಶ ಕೈತಪ್ಪಿತು.

ಊರಿಗೆ ಹೋದಾಗ ವೈದ್ಯರು ಮೊದಲು ಬೈದದ್ದು ಆ ಮಾತ್ರೆಗೆ. 'ಒಳ್ಳೆ ಬ್ಯಾಕ್ಟೀರಿಯಾ ಯಾವುದು, ಕೆಟ್ಟದ್ದು ಯಾವುದು ಅಂತ ಅದಕ್ಕೆ ಗೊತ್ತಾಗಲ್ಲಪ್ಪ. ಎರಡನ್ನೂ ಹೊಡೆಯುತ್ತೆ' ಎಂದರು.

ಬ್ಯಾಕ್ಟೀರಿಯಾದಲ್ಲೂ ಒಳ್ಳೆಯವು ಇವೆಯೇ? ಕುತೂಹಲದಿಂದ ಹುಡುಕಿ ಓದಿದೆ. 2016ರ ಒಂದು ಅಂದಾಜಿನ ಪ್ರಕಾರ ನಮ್ಮ ದೇಹದ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ, ಬ್ಯಾಕ್ಟೀರಿಯಾಗಳು 38 ಲಕ್ಷ ಕೋಟಿ! ಅಂದರೆ ನನ್ನ ಮೈಯಲ್ಲಿ ನಾನೇ ಅಲ್ಪಸಂಖ್ಯಾತ. ಈ ಬಾಡಿಗೆದಾರರಲ್ಲಿ ಹೆಚ್ಚಿನವರ ವಿಳಾಸ ದೊಡ್ಡ ಕರುಳು.

ನಮಗೆ ಜೀರ್ಣವಾಗದ ನಾರೇ ಅವುಗಳ ಊಟ. ಕಾಳು, ಸೊಪ್ಪು, ರಾಗಿ, ಹಣ್ಣುಗಳ ನಾರನ್ನು ತಿಂದು ಅವು ಬ್ಯುಟಿರೇಟ್‌ನಂಥ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಇಂಧನ. ಇದು ಅವು ಕಟ್ಟುವ ಬಾಡಿಗೆ ಅನ್ನಿ. ಮೈದಾ, ಸಕ್ಕರೆಯಾದರೋ ಸಣ್ಣ ಕರುಳಿನಲ್ಲೇ ಮುಗಿದುಹೋಗುತ್ತವೆ. ದೊಡ್ಡ ಕರುಳಿಗೆ ಉಳಿಯುವುದು ಉಪವಾಸ. ನಾರು ಸಿಗದಿದ್ದಾಗ ಬ್ಯಾಕ್ಟೀರಿಯಾಗಳು ಕರುಳನ್ನು ಕಾಯುವ ಲೋಳೆಪದರವನ್ನೇ ಮೇಯತೊಡಗುವುದು ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡುಬಂದಿದೆ. ಇನ್ನು, ಕರುಳಿಗೂ ಮಿದುಳಿಗೂ ನರಗಳ ನೇರ ಸಂಪರ್ಕವಿದೆ. ವೈವಾ ಎಂದಾಕ್ಷಣ ಹೊಟ್ಟೆ ತೊಳಸುವುದು ಸುಮ್ಮನೆ ಅಲ್ಲ!

ಹೊಸ ಹುರುಪಿನಲ್ಲಿ ಒಂದೇ ದಿನ ಎರಡು ಬಟ್ಟಲು ಮೊಳಕೆಕಾಳು ತಿಂದೆ. ರಾತ್ರಿಯಿಡೀ ಗ್ಯಾಸ್, ರೂಮ್‌ಮೇಟ್ ಹಾಸಿಗೆ ಸುತ್ತಿಕೊಂಡು ಪಕ್ಕದ ರೂಮಿಗೆ ಹೋದ. ನಾರನ್ನು ನಿಧಾನವಾಗಿ ಹೆಚ್ಚಿಸಬೇಕು, ನೀರು ಚೆನ್ನಾಗಿ ಕುಡಿಯಬೇಕು ಎಂಬುದು ಆಮೇಲೆ ತಿಳಿಯಿತು.

ಈಗ ಮೆಸ್‌ನಲ್ಲಿ ತಟ್ಟೆಯಂಚಿಗೆ ತಳ್ಳುತ್ತಿದ್ದ ಕೋಸಂಬರಿ, ಪಲ್ಯವನ್ನು ಮೊದಲು ತಿನ್ನುತ್ತೇನೆ. ಕೊನೆಗೆ ಒಂದು ಲೋಟ ಮಜ್ಜಿಗೆ. ಗೋಬಿಯನ್ನು ಪೂರ್ತಿ ಬಿಟ್ಟಿಲ್ಲ, ಸುಳ್ಳು ಹೇಳಲಾರೆ. ಆದರೆ ವೈದ್ಯರ ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಮುಟ್ಟುವುದಿಲ್ಲ.

ಮುಂದಿನ ತಿಂಗಳು ಮತ್ತೊಂದು ಇಂಟರ್ನ್‌ಶಿಪ್ ಪರೀಕ್ಷೆಯಿದೆ. ಆಯ್ಕೆಯಾಗುತ್ತೇನೋ ಇಲ್ಲವೋ, ಈ ಸಲ ಕುರ್ಚಿಯಲ್ಲಿ ಕೂತು ಪೂರ್ತಿ ಬರೆದರೆ ಅರ್ಧ ಗೆದ್ದಂತೆ!