ಆಗಸದಿಂದ ಹೂಳಿನ ಲೆಕ್ಕ

ತುಂಗಭದ್ರಾ ಜಲಾಶಯ 1953ರಲ್ಲಿ ನೀರು ಹಿಡಿಯತೊಡಗಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. ಇಂದಿನ ಅಧಿಕೃತ ಲೆಕ್ಕ 105.788 ಟಿಎಂಸಿ ಅಡಿ. ಉಳಿದ 27 ಟಿಎಂಸಿ ಅಡಿ ನೀರಿನ ಜಾಗವನ್ನು ಹೂಳು ನುಂಗಿದೆ. ಕೊಪ್ಪಳ, ರಾಯಚೂರು, ಬಳ್ಳಾರಿ ಭಾಗದ ಅಚ್ಚುಕಟ್ಟಿನ ರೈತರಿಗೆ ಇದು ಬರಿಯ ಅಂಕಿಯಲ್ಲ. ಎರಡನೇ ಬೆಳೆಗೆ ಕಾಲುವೆಯಲ್ಲಿ ನೀರು ಬಂದೀತೇ ಎಂಬ ಪ್ರಶ್ನೆ ಇದಕ್ಕೇ ಬಂದು ನಿಲ್ಲುತ್ತದೆ.

ಈ ಅಂಕಿಯ ಹಿಂದೆ ಒಂದು ಸೋಜಿಗವಿದೆ. 2008ರ ಸಮೀಕ್ಷೆಯಲ್ಲಿ ಸಾಮರ್ಥ್ಯ 100.855 ಟಿಎಂಸಿ ಅಡಿ ಎಂದಿತ್ತು. 2016ರ ಸಮೀಕ್ಷೆಯಲ್ಲಿ ಅದು ಸುಮಾರು 5 ಟಿಎಂಸಿ ಅಡಿ ಹೆಚ್ಚಾಯಿತು. 5 ಟಿಎಂಸಿ ಅಡಿ ಎಂದರೆ ಸುಮಾರು 14 ಕೋಟಿ ಘನ ಮೀಟರ್. ನಡುವಿನ ವರ್ಷಗಳಲ್ಲಿ ಅಷ್ಟು ಹೂಳನ್ನು ಯಾರೂ ಎತ್ತಿ ಹಾಕಿಲ್ಲ. ಹೂಳು ಕರಗಲಿಲ್ಲ, ಅಳತೆ ಬದಲಾಯಿತು. ನೀರಿನಡಿಯ ನೆಲವನ್ನು ಅಳೆಯುವುದು ಎಷ್ಟು ನಾಜೂಕಿನ ಕೆಲಸ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಸಾಂಪ್ರದಾಯಿಕ ಸಮೀಕ್ಷೆ ನಡೆಯುವುದು ದೋಣಿಯಲ್ಲಿ. ಶಬ್ದತರಂಗವನ್ನು ತಳಕ್ಕೆ ಕಳಿಸಿ, ಅದು ಮರಳಿ ಬರಲು ಹಿಡಿದ ಸಮಯದಿಂದ ಆಳವನ್ನು ಲೆಕ್ಕ ಹಾಕುತ್ತಾರೆ. ಇದಕ್ಕೆ ಹಣವೂ ಬೇಕು, ದಿನಗಳೂ ಬೇಕು. ಹಾಗಾಗಿ ಒಂದು ಸಮೀಕ್ಷೆಗೂ ಇನ್ನೊಂದಕ್ಕೂ ನಡುವೆ ವರ್ಷಗಳೇ ಉರುಳುತ್ತವೆ. ಈ ತೆರಪನ್ನು ತುಂಬಲು ಬಂದ ವಿದ್ಯೆಯೇ ದೂರಸಂವೇದಿ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಮತ್ತು ಕೇಂದ್ರ ಜಲ ಆಯೋಗ ದೇಶದ ಹಲವು ಜಲಾಶಯಗಳಿಗೆ ಇದನ್ನು ಬಳಸಿವೆ.

ಉಪಗ್ರಹಕ್ಕೆ ನೀರಿನ ಆಳ ಕಾಣದು, ಹರವು ಕಾಣುತ್ತದೆ. ಜಾಣತನವೆಲ್ಲ ಇರುವುದು ಆ ಹರವಿನಿಂದಲೇ ಆಳವನ್ನು ಹೊರತೆಗೆಯುವುದರಲ್ಲಿ. ತುಂಗಭದ್ರೆ ತುಂಬಿದಾಗ ನೀರಿನ ಮಟ್ಟ 1633 ಅಡಿ, ಬೇಸಿಗೆ ಹೊತ್ತಿಗೆ ಅದು ಬಹಳ ಕೆಳಗಿಳಿಯುತ್ತದೆ. ಪ್ರತಿದಿನದ ಮಟ್ಟ ಅಣೆಕಟ್ಟೆಯ ದಾಖಲೆಯಲ್ಲಿರುತ್ತದೆ. ಉಪಗ್ರಹ ಹಾದುಹೋದ ದಿನದ ಚಿತ್ರದಲ್ಲಿ ನೀರು ಎಷ್ಟು ಚದರ ಕಿಲೋಮೀಟರ್ ಹರಡಿದೆ ಎಂದು ಎಣಿಸಿದರೆ, ಒಂದೊಂದು ಮಟ್ಟಕ್ಕೆ ಒಂದೊಂದು ಹರವು ಸಿಗುತ್ತದೆ. ಎರಡು ಮಟ್ಟಗಳ ಹರವು ಗೊತ್ತಾದರೆ ಅವುಗಳ ನಡುವಿನ ನೀರಿನ ಪ್ರಮಾಣ ಶಾಲೆಯ ಗಣಿತಕ್ಕೇ ಸಿಗುತ್ತದೆ. ಅದನ್ನು ಹಳೆಯ ನಕ್ಷೆಯ ಲೆಕ್ಕದಿಂದ ಕಳೆದರೆ ಉಳಿಯುವುದು ಹೂಳು. ಮುಂಗಾರಿನಲ್ಲಿ ಮೋಡ ಅಡ್ಡ ಬರುವುದರಿಂದ, ಅಕ್ಟೋಬರ್ ನಂತರ ನೀರು ಇಳಿಯುವ ತಿಂಗಳುಗಳ ಚಿತ್ರಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಆದರೆ ಬೇಸಿಗೆಯಲ್ಲೂ ನೀರು ಬತ್ತದ ತಳಭಾಗದಲ್ಲಿ ಎಷ್ಟು ಹೂಳಿದೆಯೋ ಈ ವಿಧಾನ ಹೇಳಲಾರದು. ಅಲ್ಲಿಗೆ ದೋಣಿಯೇ ಹೋಗಬೇಕು.

ಹರವನ್ನು ಎಣಿಸುವುದೂ ಸುಲಭವಲ್ಲ. ನೀರು ಇನ್‌ಫ್ರಾರೆಡ್ ಬೆಳಕನ್ನು ಹೀರಿಕೊಂಡು ಚಿತ್ರದಲ್ಲಿ ಕಪ್ಪಾಗಿ ಕಾಣುತ್ತದೆ; ಹಸಿರು ಗಿಡ ಅದೇ ಬೆಳಕನ್ನು ಪ್ರತಿಫಲಿಸಿ ಹೊಳೆಯುತ್ತದೆ. ಈ ವ್ಯತ್ಯಾಸವನ್ನು ಸರಳ ಸೂತ್ರವಾಗಿಸಿ ನೀರನ್ನು ಗುರುತಿಸುವ ವಿಧಾನ 1996ರಿಂದ ಬಳಕೆಯಲ್ಲಿದೆ. ಆಳದ ತಿಳಿನೀರಿಗೆ ಅದು ಸಾಕು. ಹಿನ್ನೀರಿನ ಅಂಚಿನಲ್ಲಿ ಮಾತ್ರ ಕೆಸರು, ಜೊಂಡು, ಮೊಣಕಾಲುದ್ದದ ರಾಡಿನೀರು, ಒದ್ದೆ ಎರೆಮಣ್ಣು ಒಂದರೊಳಗೊಂದು ಬೆರೆತಿರುತ್ತವೆ, ಸೂತ್ರ ತಡವರಿಸುತ್ತದೆ.

ಯಂತ್ರಕಲಿಕೆ ನೆರವಿಗೆ ಬರುವುದು ಇಲ್ಲಿಯೇ. ಲಿಯೋ ಬ್ರೈಮನ್ 2001ರಲ್ಲಿ ಮಂಡಿಸಿದ ‘ರ‍್ಯಾಂಡಮ್ ಫಾರೆಸ್ಟ್’ ಈ ಕ್ಷೇತ್ರದ ನೆಚ್ಚಿನ ಸಲಕರಣೆ. ಇದು ನೀರು, ಇದು ಕೆಸರು, ಇದು ಬೆಳೆ ಎಂದು ಮನುಷ್ಯರೇ ಗುರುತಿಸಿದ ಸಾವಿರಾರು ಚುಕ್ಕೆಗಳನ್ನು ಗಣಕಕ್ಕೆ ಕೊಡುತ್ತಾರೆ. ಅದು ನೂರಾರು ಪ್ರಶ್ನಾವಳಿಗಳನ್ನು ತಾನೇ ಹೆಣೆದುಕೊಂಡು, ಹೊಸ ಚುಕ್ಕೆ ಬಂದಾಗ ಅವೆಲ್ಲವುಗಳ ಬಹುಮತದಂತೆ ತೀರ್ಪು ಕೊಡುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಸೂಕ್ಷ್ಮತೆಯ ಚಿತ್ರಗಳ ಜೊತೆಗೆ, ಮೋಡವನ್ನೂ ದಾಟಿ ನೋಡಬಲ್ಲ ಸೆಂಟಿನೆಲ್-1ರ ರೇಡಾರ್ ಚಿತ್ರಗಳನ್ನೂ ಸೇರಿಸಿದರೆ ಮಳೆಗಾಲದ ಕುರುಡು ತಕ್ಕಮಟ್ಟಿಗೆ ನೀಗುತ್ತದೆ. ಎರಡೂ ಉಚಿತ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ಇಸ್ರೊ–ನಾಸಾ ಜಂಟಿ ಉಪಗ್ರಹ ನಿಸಾರ್ ಕೂಡ ರೇಡಾರ್ ಕಣ್ಣಿನದೇ. ಅದು 12 ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತದೆ.

ಹೂಳು ಎಷ್ಟೆಂದು ತಿಳಿದ ಮೇಲೆ ಅದು ಎಲ್ಲಿಂದ ಬಂತು ಎಂಬ ಇನ್ನೂ ದೊಡ್ಡ ಪ್ರಶ್ನೆ ಏಳುತ್ತದೆ. ತುಂಗಭದ್ರಾ ಜಲಾಶಯದ ಜಲಾನಯನ ಸುಮಾರು 28 ಸಾವಿರ ಚದರ ಕಿಲೋಮೀಟರ್. ಪಶ್ಚಿಮ ಘಟ್ಟದ ಕಾಡು, ಮಲೆನಾಡಿನ ತೋಟ, ಹಾವೇರಿ ಕಡೆಯ ಎರೆಹೊಲ ಎಲ್ಲವೂ ಅದರೊಳಗಿವೆ. ಇಷ್ಟು ನೆಲದಲ್ಲಿ ಮಣ್ಣು ಎಲ್ಲೆಲ್ಲಿ ಕೊಚ್ಚಿಹೋಗುತ್ತಿದೆ ಎಂದು ಹುಡುಕಲು ಜಗತ್ತು ಇಂದಿಗೂ ನೆಚ್ಚಿಕೊಂಡಿರುವುದು ಅಮೆರಿಕದ ವಿಶ್‌ಮಯರ್ ಮತ್ತು ಸ್ಮಿತ್ ರೂಪಿಸಿದ ಸವಕಳಿ ಸಮೀಕರಣವನ್ನು. ಅದು 1965ರಲ್ಲಿ ಕೈಪಿಡಿಯಾಗಿ ಬಂತು, 1978ರಲ್ಲಿ ಪರಿಷ್ಕಾರವಾಯಿತು. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರಿನ ಉದ್ದ ಮತ್ತು ಕಡಿದುತನ, ನೆಲದ ಹೊದಿಕೆ, ಬದು–ಒಡ್ಡುಗಳ ರಕ್ಷಣೆ ಇವನ್ನೆಲ್ಲ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಟನ್ ಮಣ್ಣು ಹೋದೀತು ಎಂಬ ಅಂದಾಜು ಬರುತ್ತದೆ. ಇವುಗಳಲ್ಲಿ ಮಳೆ, ಇಳಿಜಾರು, ಹಸಿರು ಹೊದಿಕೆ ಮೂರನ್ನೂ ಈಗ ಉಪಗ್ರಹಗಳೇ ಒದಗಿಸುತ್ತವೆ.

ಗುಣಾಕಾರ ಸಲೀಸು, ತಪ್ಪುವುದೂ ಅಷ್ಟೇ ಸಲೀಸು. ಬಳ್ಳಾರಿ ಸೀಮೆಯ ಆಳವಾದ ಎರೆಭೂಮಿಯಲ್ಲಿ ಮುಂಗಾರು ಬಿತ್ತನೆ ಕಡಿಮೆ. ಹೊಲವನ್ನು ಹರಗಿ ಬಿಟ್ಟು, ಹಿಂಗಾರಿಗೆ ಬಿಳಿಜೋಳ, ಕಡಲೆ ಬಿತ್ತುವುದು ವಾಡಿಕೆ. ಸೆಪ್ಟೆಂಬರಿನ ದೊಡ್ಡ ಮಳೆ ಬರುವಾಗ ನೆಲ ಬರಿಮೈಯಲ್ಲಿರುತ್ತದೆ. ಒಮ್ಮೆ ನೆನೆದು ಉಬ್ಬಿದ ಎರೆಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುವುದೂ ನಿಧಾನ, ನೀರೆಲ್ಲ ಮೇಲೇ ಹರಿದು ಮಣ್ಣನ್ನು ಎಳೆದೊಯ್ಯುತ್ತದೆ. ಇಡೀ ವರ್ಷದ ಹಸಿರಿನ ಸರಾಸರಿ ತೆಗೆದುಕೊಂಡವರ ನಕ್ಷೆಯಲ್ಲಿ ಈ ಹೊಲ ಸುರಕ್ಷಿತವಾಗಿ ಕಾಣುತ್ತದೆ. ಮಳೆ ಬಿದ್ದ ವಾರದ ಚಿತ್ರ ನೋಡಿದವರಿಗೆ ಮಾತ್ರ ನಿಜ ಗೊತ್ತಾಗುತ್ತದೆ. ಇಂಥ ನೆಲದ ಗುಣವನ್ನು ಬಳ್ಳಾರಿಯ ಮಣ್ಣು ಮತ್ತು ಜಲ ಸಂರಕ್ಷಣಾ ಸಂಶೋಧನಾ ಕೇಂದ್ರ 1954ರಿಂದ ಅಭ್ಯಾಸ ಮಾಡುತ್ತಿದೆ. ಅಂಥ ಕೇಂದ್ರಗಳ ಅಳತೆಯಿಲ್ಲದೆ ಗಣಕಕ್ಕೆ ಕಲಿಸಲು ಪಾಠವೇ ಇರುವುದಿಲ್ಲ. ಇನ್ನೊಂದು ಮಿತಿಯೆಂದರೆ ಆ ಸಮೀಕರಣಕ್ಕೆ ಕೊರಕಲುಗಳು ಕಾಣುವುದಿಲ್ಲ. ಸೂಕ್ಷ್ಮ ಚಿತ್ರಗಳಲ್ಲಿ ಕೊರಕಲಿನ ಗೆರೆಗಳನ್ನು ಗುರುತಿಸುವುದನ್ನು ಈಗ ಗಣಕಕ್ಕೆ ಕಲಿಸುತ್ತಿದ್ದಾರೆ.

ಈ ಮಣ್ಣನ್ನು ಹೊತ್ತು ತರುವ ನದಿಯ ಹರಿವಿನ ಮುನ್ಸೂಚನೆಯಲ್ಲಂತೂ ಯಂತ್ರಕಲಿಕೆ ದೊಡ್ಡ ಹೆಜ್ಜೆಯನ್ನೇ ಇಟ್ಟಿದೆ. 1997ರಲ್ಲಿ ಹೊಖ್‌ರೈಟರ್ ಮತ್ತು ಶ್ಮಿಡ್‌ಹೂಬರ್ ರೂಪಿಸಿದ, ಕಳೆದದ್ದನ್ನು ನೆನಪಿಡುವ ಎಲ್‌ಎಸ್‌ಟಿಎಂ ಎಂಬ ಜಾಲವನ್ನು 2018ರಲ್ಲಿ ಕ್ರಾಟ್ಸರ್ಟ್ ಮತ್ತು ಸಂಗಡಿಗರು ಮಳೆ–ಹರಿವಿನ ಲೆಕ್ಕಕ್ಕೆ ಬಳಸಿ ತೋರಿಸಿದರು. ಹಿಂದಿನ ವಾರಗಳ ಮಳೆಯಿಂದ ನೆಲ ಎಷ್ಟು ನೆನೆದಿದೆ ಎಂಬುದನ್ನು ಅದು ತಾನೇ ಊಹಿಸಿಕೊಳ್ಳುತ್ತದೆ. ಪಟ್ನಾದಲ್ಲಿ 2018ರಲ್ಲಿ ಪ್ರಯೋಗವಾಗಿ ಆರಂಭವಾದ ಗೂಗಲ್‌ನ ಪ್ರವಾಹ ಮುನ್ಸೂಚನೆಯ ಕೆಲಸ ಮುಂದೆ ಇದೇ ದಾರಿ ಹಿಡಿಯಿತು. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅದರ ಮಾದರಿ ಕಲಿತದ್ದು 5,680 ಮಾಪನ ಕೇಂದ್ರಗಳ ದಾಖಲೆಯಿಂದ. ಮಾಪಕವೇ ಇಲ್ಲದ ನದಿಗಳ ಬಗ್ಗೆಯೂ ಅದು ಮಾತಾಡಬಲ್ಲದು ನಿಜ. ಆದರೆ ಆ ಮಾತು ಕಲಿತದ್ದು ಮಾಪಕವಿರುವ ನದಿಗಳಿಂದ.

ಈ ಕ್ಷೇತ್ರದ ಸಂಶೋಧನಾ ಲೇಖನಗಳಲ್ಲಿ ಶೇ 95ರ ನಿಖರತೆ ಎಂಬ ಮಾತು ಕಂಡರೆ ಒಂದು ಪ್ರಶ್ನೆ ಕೇಳಬೇಕು: ಪರೀಕ್ಷೆಗೆ ಆರಿಸಿದ ಚುಕ್ಕೆಗಳು ಕಲಿಕೆಗೆ ಕೊಟ್ಟ ಚುಕ್ಕೆಗಳ ಮಗ್ಗುಲಲ್ಲೇ ಇದ್ದವೇ? ಅಕ್ಕಪಕ್ಕದ ನೆಲ ಒಂದೇ ತೆರನಾಗಿರುತ್ತದೆ. ಅದು ಉತ್ತರ ಕೊಟ್ಟು ಪರೀಕ್ಷೆ ಬರೆಸಿದ ಹಾಗೆ. ಒಂದು ಹಳ್ಳದ ಬಯಲಿನಲ್ಲಿ ಕಲಿತದ್ದನ್ನು, ಎಂದೂ ನೋಡದ ಇನ್ನೊಂದು ಹಳ್ಳದಲ್ಲಿ ಪರೀಕ್ಷಿಸಿದಾಗ ಬರುವ ಅಂಕವೇ ನಿಜವಾದ ಅಂಕ.

ಕರ್ನಾಟಕಕ್ಕೆ ದೂರಸಂವೇದಿ ವಿದ್ಯೆ ಹೊಸದಲ್ಲ. ವಿಶ್ವಬ್ಯಾಂಕ್ ನೆರವಿನಲ್ಲಿ 2001ರಲ್ಲಿ ಆರಂಭವಾದ ಸುಜಲಾ ಜಲಾನಯನ ಯೋಜನೆಯ ಫಲವನ್ನು ಉಪಗ್ರಹ ಚಿತ್ರಗಳಿಂದ ಅಳೆಯಲಾಯಿತು. ಅದರ ಮುಂದಿನ ಹಂತದಲ್ಲಿ ವಿಜ್ಞಾನಿಗಳು ಚಿತ್ರಗಳನ್ನು ಗ್ರಾಮನಕ್ಷೆಯ ಮೇಲೆ ಹೊಂದಿಸಿ, ಹೊಲಗಳಲ್ಲಿ ಗುಂಡಿ ತೋಡಿ ಮಣ್ಣು ನೋಡಿ, ಸರ್ವೆ ನಂಬರಿನ ಮಟ್ಟದಲ್ಲಿ ಭೂ ಸಂಪನ್ಮೂಲದ ಮಾಹಿತಿ ಸಿದ್ಧಪಡಿಸಿದರು. ಗಣಕಕ್ಕೆ ಇದಕ್ಕಿಂತ ಒಳ್ಳೆಯ ಪಠ್ಯ ಸಿಗುವುದು ಕಷ್ಟ.

ದೇಶದಲ್ಲಿ ವರ್ಷಕ್ಕೆ 533 ಕೋಟಿ ಟನ್ ಮಣ್ಣು ಜಾಗ ಬಿಟ್ಟು ಕದಲುತ್ತದೆ, ಅದರ ಶೇ 10ರಷ್ಟು ಜಲಾಶಯಗಳಿಗೆ ಸೇರುತ್ತದೆ ಎಂಬ ಅಂದಾಜು 1983ರದು. ಇಂದಿಗೂ ಅದನ್ನೇ ಉಲ್ಲೇಖಿಸುತ್ತಾರೆ. ಅದನ್ನು ಹೊಸದಾಗಿ ಅಳೆಯುವ ಸಾಧನ ಈಗ ಕೈಯಲ್ಲಿದೆ. ಚಿತ್ರ ಉಚಿತ, ಸೂತ್ರ ಬಹಿರಂಗ. ಕೊರತೆ ಇರುವುದು ನೆಲದ ಅಳತೆಗೆ. ನದಿಯ ರಾಡಿಯನ್ನು ಮಳೆಗಾಲದಲ್ಲಿ ದಿನವೂ ಶೀಷೆಗೆ ತುಂಬಿ ತೂಗುವ ಕೇಂದ್ರಗಳು ಹೆಚ್ಚಬೇಕು. ಅವುಗಳ ದಾಖಲೆ ಕಾಲೇಜಿನ ವಿದ್ಯಾರ್ಥಿಗೂ ಸಿಗುವಂತಾಗಬೇಕು. ಹೂಳೆತ್ತುವ ಯೋಜನೆಗೆ ಕೋಟಿಗಳನ್ನು ಸುರಿಯುವ ಮೊದಲು, ಹೂಳು ಹೊರಡುವ ಹೊಲ ಯಾವುದೆಂದು ಗುರುತಿಸಿ ಅಲ್ಲಿ ಬದು ಹಾಕುವುದು ಅಗ್ಗವೂ ಹೌದು, ವಿವೇಕವೂ ಹೌದು.