ಅಜ್ಜಿಯ ಜಾಡಿಯಲ್ಲಿ ಲಕ್ಷಗಳಿಲ್ಲ, ಬೆಳ್ಳಿ ಇದ್ದರೂ ಇರಬಹುದು

"ನಿಮ್ಮಜ್ಜಿ ತಾವ ವೈಷ್ಣೋದೇವಿ ಇರೋ ಐದ್ರೂಪಾಯಿ ಬಿಲ್ಲೆ ಐತಾ ನೋಡು, ಹತ್ತು ಲಕ್ಷ ಕೊಡ್ತಾರಂತೆ." ಚಳ್ಳಕೆರೆಯ ಟೀ ಅಂಗಡಿಯಿಂದ ಮೊಳಕಾಲ್ಮುರಿನ ಮಗ್ಗದ ಮನೆಯವರೆಗೆ ಈ ಮಾತು ಕಿವಿಗೆ ಬೀಳದವರು ಕಡಿಮೆ. ಒಮ್ಮೆ ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟು, ಇನ್ನೊಮ್ಮೆ ಇಂದಿರಾ ಗಾಂಧಿ ಬಿಲ್ಲೆ, ಮತ್ತೊಮ್ಮೆ 786 ಅಂಕಿಯ ನೋಟು. ವಿಡಿಯೊ ನೋಡಿದ ಮೊಮ್ಮಕ್ಕಳು ಅಟ್ಟ ಹತ್ತಿ, ಚಿಲ್ಲರೆ ತುಂಬಿದ ಹಳೇ ಹಾರ್ಲಿಕ್ಸ್ ಬಾಟಲಿಯನ್ನೋ ಉಪ್ಪಿನಕಾಯಿ ಜಾಡಿಯನ್ನೋ ಇಳಿಸಿ ಚಾಪೆ ಮೇಲೆ ಸುರಿಯುತ್ತಾರೆ.

ವೈಷ್ಣೋದೇವಿ ಬಿಲ್ಲೆ ಹಳೆಯದೇ ಅಲ್ಲ. ಆ ದೇವಸ್ಥಾನ ಮಂಡಳಿಗೆ 25 ವರ್ಷ ತುಂಬಿದ ನೆನಪಿಗೆ 2012ರ ಇಸವಿ ಹಾಕಿ ಐದು ಮತ್ತು ಹತ್ತು ರೂಪಾಯಿಯಲ್ಲಿ ಟಂಕಿಸಿ ಚಲಾವಣೆಗೆ ಬಿಟ್ಟದ್ದು. ಐದು ರೂಪಾಯಿಯದಕ್ಕೆ ಕಿರಾಣಿ ಅಂಗಡಿಯಲ್ಲಿ ಐದು ರೂಪಾಯಿಯ ಸಾಮಾನು ಬರುತ್ತದೆ. ಸಂಗ್ರಹಕಾರರ ಹತ್ತಿರ ಹೋದರೆ ತುಸು ಹೆಚ್ಚು ಸಿಗಬಹುದು, ಅಷ್ಟೆ.

ಹಾಗಾದರೆ ಲಕ್ಷದ ಲೆಕ್ಕ ಎಲ್ಲಿಂದ ಹುಟ್ಟಿತು? ಕೊಳ್ಳುತ್ತೇನೆ ಅನ್ನುವವನಿಂದ. ಬಿಲ್ಲೆಯ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಅರ್ಧ ಗಂಟೆಯೊಳಗೆ 'ಪಾಸ್ ಆಗಿದೆ' ಅನ್ನುತ್ತಾನೆ. ಆಮೇಲೆ ನೋಂದಣಿ ಶುಲ್ಕ, ಜಿಎಸ್‌ಟಿ, ಕೊರಿಯರ್ ಖರ್ಚು, ರಿಸರ್ವ್ ಬ್ಯಾಂಕಿನ ಮುದ್ರೆ ಒತ್ತಿದ ಒಂದು ಪತ್ರ, ಆ ಪತ್ರಕ್ಕೊಂದು ಕಮಿಷನ್. ಕೊನೆಗೆ ಬಿಲ್ಲೆ ನಿಮ್ಮ ಹತ್ತಿರವೇ ಉಳಿಯುತ್ತದೆ, ದುಡ್ಡು ಮಾತ್ರ ಹೋಗಿರುತ್ತದೆ. ಇಂಥ ದೂರು ಹೆಚ್ಚಾದ ಮೇಲೆ 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಣೆ ಹೊರಡಿಸಿತು: ಹಳೆ ನೋಟು ನಾಣ್ಯಗಳ ಕೊಳ್ಳು ಕೊಡುವ ವ್ಯವಹಾರವನ್ನು ನಾವು ಮಾಡುವುದಿಲ್ಲ, ಅದಕ್ಕೆ ಶುಲ್ಕ ಕೇಳುವುದಿಲ್ಲ, ನಮ್ಮ ಹೆಸರಿನಲ್ಲಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ. ನಿಜವಾಗಿ ಕೊಳ್ಳುವವನು ದುಡ್ಡು ಕೊಡುತ್ತಾನೆ, ಕೇಳುವುದಿಲ್ಲ. ಜಾಡಿಯ ವಿಷಯದಲ್ಲಿ ಇದೊಂದು ಗೊತ್ತಿದ್ದರೆ ಮುಕ್ಕಾಲು ಪಾಲು ನಷ್ಟ ತಪ್ಪುತ್ತದೆ.

ಇನ್ನು ಎರಡನೆಯ ನಂಬಿಕೆ: ಹಳೆಯದಾದಷ್ಟೂ ಬೆಲೆ ಜಾಸ್ತಿ. ಓದಿದವರೂ ಹೀಗೇ ನಂಬುತ್ತಾರೆ. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆ ಮುಗಿದ ಮೇಲೆ ಬಂದ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿಗಳಲ್ಲಿ 1862 ತೀರಾ ಹಿಂದಿನ ಇಸವಿ. ಆದರೆ ಎಲ್ಲಕ್ಕಿಂತ ಹೆಚ್ಚು ಸಿಗುವುದೂ ಅದೇ. ಟಂಕಸಾಲೆಯವರು ಅಚ್ಚಿನಲ್ಲಿ ಇಸವಿ ಬದಲಿಸದೆ ಹತ್ತು ವರ್ಷಕ್ಕೂ ಮೇಲ್ಪಟ್ಟು 1862 ಎಂದೇ ಒತ್ತುತ್ತ ಹೋದರು. ಕಂಪನಿ ಕಾಲದ 1840ರ ರೂಪಾಯಿಯದೂ ಇದೇ ಕಥೆ. ಅದೇ 1939ರ ಆರನೇ ಜಾರ್ಜ್ ರೂಪಾಯಿ ನೋಡಿ, 1862ರದಕ್ಕಿಂತ ಮುಕ್ಕಾಲು ಶತಮಾನ ಚಿಕ್ಕದು, ಆದರೂ ಅದನ್ನು ಕಂಡರೆ ಸಂಗ್ರಹಕಾರರ ಕೈ ನಡುಗುತ್ತದೆ, ಯಾಕೆಂದರೆ ಉಳಿದಿರುವುದೇ ಬೆರಳೆಣಿಕೆ. ಅಷ್ಟು ಬೇಡಿಕೆ ಇರುವುದರಿಂದ, 1939 ಎಂದು ತೋರಿಸಿದ ಕೂಡಲೇ ಬಲ್ಲವನು ಭೂತಗನ್ನಡಿ ಹಿಡಿದು, 1938ರ ಕೊನೆಯ ಅಂಕಿಯನ್ನು ಯಾರಾದರೂ ಕೆತ್ತಿ ತಿದ್ದಿದ್ದಾರೆಯೇ ಎಂದು ಮೊದಲು ನೋಡುತ್ತಾನೆ. ಎಷ್ಟು ಉಳಿದಿವೆ, ಎಷ್ಟು ಚೆನ್ನಾಗಿ ಉಳಿದಿವೆ, ಎಷ್ಟು ಜನಕ್ಕೆ ಬೇಕು ಎಂಬ ಮೂರರ ಮೇಲೆಯೇ ಬೆಲೆ ನಿಂತಿದೆ.

ತೂತಿನ ಕಾಸು ಅಪರೂಪದ್ದು ಅನ್ನುವುದೂ ಹಾಗೆಯೇ. ಎರಡನೇ ಮಹಾಯುದ್ಧದಲ್ಲಿ ತಾಮ್ರ ಉಳಿಸಲೆಂದು 1943ರಲ್ಲಿ ನಡುವೆ ತೂತು ಕೊರೆದ ಈ ಕಾಸನ್ನು ತಂದರು, 1947ರವರೆಗೆ ಕೋಟಿಗಟ್ಟಲೆ ಒತ್ತಿದರು. ಮಕ್ಕಳ ಉಡಿದಾರಕ್ಕೆ ಕಟ್ಟಿದರು, ವಾಷರ್ ಮಾಡಿ ಬೋಲ್ಟಿಗೂ ಹಾಕಿದರು. ನೋಡಲು ಚಂದ, ಮಾರಲು ಅಗ್ಗ. 1968ರ ಸುಮಾರಿನ ಕಮಲದ ಇಪ್ಪತ್ತು ಪೈಸೆಯಲ್ಲಿ ಚಿನ್ನವಿದೆ ಎಂದು ನಂಬಿ ಕರಗಿಸಿ ಉಂಗುರ ಮಾಡಿಸಿದವರು ಒಂದು ತಲೆಮಾರಿನಲ್ಲಿ ಬೇಕಾದಷ್ಟಿದ್ದರು. ಅದರಲ್ಲಿರುವುದು ತಾಮ್ರ ಹೆಚ್ಚಿರುವ ಮಿಶ್ರಲೋಹ, ಚಿನ್ನದ ಬಣ್ಣ ಮಾತ್ರ. ಇಸವಿಯ ಕೆಳಗಿನ ನಕ್ಷತ್ರವೂ ಅದೃಷ್ಟದ ಗುರುತಲ್ಲ. ನಕ್ಷತ್ರ ಹೈದರಾಬಾದಿನದು, ವಜ್ರಾಕೃತಿ ಮುಂಬೈಯದು, ಚುಕ್ಕೆ ನೋಯ್ಡಾದ್ದು, ಏನೂ ಇಲ್ಲದಿದ್ದರೆ ಕೋಲ್ಕತ್ತದ್ದು.

ಹಾಗಂತ ಜಾಡಿಯನ್ನು ನೋಡದೆ ಮೂಲೆಗೆ ತಳ್ಳಬೇಕಿಲ್ಲ. ಒಂದು ಅಯಸ್ಕಾಂತ, ಅಕ್ಕಸಾಲಿಗರ ತಕ್ಕಡಿ, ಒಳ್ಳೆಯ ಬೆಳಕು ಸಾಕು. 1862ರಿಂದ 1939ರವರೆಗಿನ ರೂಪಾಯಿ 11.66 ಗ್ರಾಂ ತೂಗುತ್ತದೆ, ಅದರಲ್ಲಿ ನೂರಕ್ಕೆ 91.7ರಷ್ಟು ಬೆಳ್ಳಿ. ಯುದ್ಧದ ಬಿಸಿ ತಟ್ಟಿದ ಮೇಲೆ 1940ರಿಂದ 1945ರವರೆಗಿನದರಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. ಇವನ್ನು ಗುರುತಿಸುವುದು ಸುಲಭ: ಅಂಚನ್ನು ಉಗುರಿನಲ್ಲಿ ಸವರಿ, ಗೆರೆಗಳ ನಡುವೆ ಸುತ್ತಲೂ ಒಂದು ಕಾಲುವೆ ಓಡಿರುತ್ತದೆ, ಖೋಟಾ ಮಾಡುವವರನ್ನು ತಡೆಯಲು ಹಾಕಿದ್ದು. 1947ರ ಹುಲಿ ಚಿತ್ರದ ರೂಪಾಯಿಯನ್ನು ಬೆಳ್ಳಿಯೆಂದೇ ಸೀರೆ ಗಂಟಿನಲ್ಲಿ ಕಟ್ಟಿಟ್ಟ ಅಜ್ಜಿಯರಿದ್ದಾರೆ. ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟಿಕೊಳ್ಳುತ್ತದೆ. ಅದು ನಿಕ್ಕಲ್, ಬೆಳ್ಳಿ ಅಂಟುವುದಿಲ್ಲ. ಗಾಂಧಿ ಶತಮಾನೋತ್ಸವದ 1969ರ ಹತ್ತು ರೂಪಾಯಿ ಬಿಲ್ಲೆ ಸಿಕ್ಕರೆ ಎತ್ತಿಡಿ, 15 ಗ್ರಾಂ ತೂಕದಲ್ಲಿ ನೂರಕ್ಕೆ 80 ಬೆಳ್ಳಿ. ಅದೇ ಗಾಂಧಿಯ ಇಪ್ಪತ್ತು ಪೈಸೆಗೆ ಆ ಭಾಗ್ಯವಿಲ್ಲ.

ಇನ್ನೊಂದು ನಂಬಿಕೆ ಲಕ್ಷದ ವಿಡಿಯೊಗಿಂತ ಹೆಚ್ಚು ನಷ್ಟ ಮಾಡಿದೆ: ತೊಳೆದು ಫಳಫಳ ಮಾಡಿದರೆ ಒಳ್ಳೆ ಬೆಲೆ ಬರುತ್ತದೆ ಅನ್ನುವುದು. ನಮ್ಮ ಕಡೆ ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಕಲಶದ ಮುಂದಿಡುವ ಬೆಳ್ಳಿ ರೂಪಾಯಿಗಳಿಗೆ ಹುಣಸೆಹುಳಿ, ಸಬೀನಾ, ತೆಂಗಿನನಾರಿನ ಸೇವೆ. ದೀಪಾವಳಿಯ ಲಕ್ಷ್ಮೀಪೂಜೆಗೆ ಮತ್ತೊಮ್ಮೆ. ನಾಲ್ಕೈದು ದಶಕ ಹೀಗೆ ಉಜ್ಜಿದ ವಿಕ್ಟೋರಿಯಾಳ ಜಡೆಯ ಎಳೆಗಳು ಮಾಯವಾಗಿ ಕೆನ್ನೆ ಬೋಳಾಗಿರುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮೈತುಂಬ ಕೂದಲೆಳೆಯಂಥ ಗೀರು. ಸಂಗ್ರಹಕಾರ ಆ ಗೀರು ನೋಡಿದ ಕೂಡಲೇ ನಾಣ್ಯದ ಬೆಲೆ ಬಿಟ್ಟು ಬೆಳ್ಳಿಯ ತೂಕದ ಬೆಲೆ ಹೇಳುತ್ತಾನೆ. ತಾಮ್ರದ ಕಾಸಿನ ಮೇಲಿನ ಕಂದುಗಪ್ಪು ಪದರ ಕೊಳೆಯಲ್ಲ, ಕಾಸನ್ನು ಕಾಯುವ ಹೊದಿಕೆ. ಕಾಸಿನ ಸರಕ್ಕೆಂದು ಬೆಸುಗೆ ಹಾಕಿ ಕೊಂಡಿ ಕೂರಿಸಿದ ನಾಣ್ಯವೂ ತೂಕಕ್ಕೇ ಹೋಗುತ್ತದೆ. ಪೂಜೆಗೆ ಒಂದೆರಡು ಸವೆದ ರೂಪಾಯಿ ಇಟ್ಟುಕೊಂಡು ಮಿಕ್ಕಿದ್ದನ್ನು ಒಣಗಿದ ಬಟ್ಟೆಯಲ್ಲಿ ಸುತ್ತಿಡಿ ಎಂದರೆ ಮನೆಯ ಹೆಂಗಸರು ಒಪ್ಪುತ್ತಾರೆ. ಲಕ್ಷ್ಮಿಯೂ ಬೇಸರಿಸಲಾರಳು.

ಈ ಸೀಮೆಯ ಜಾಡಿಗೆ ಅದರದೇ ಕೆಲವು ವಿಶೇಷಗಳಿವೆ. ಮೈಸೂರು ಸಂಸ್ಥಾನದ ಟಂಕಸಾಲೆ 1843ರಲ್ಲಿ ಮುಚ್ಚಿತು. ಆಮೇಲೆ ಇಲ್ಲಿ ಓಡಿದ್ದೆಲ್ಲ ಇಂಗ್ಲಿಷರ ರೂಪಾಯಿಯೇ. 'ಇದು ನಾಲ್ವಡಿ ಮಹಾರಾಜರು ಹಾಕಿಸಿದ ನಾಣ್ಯ' ಎಂದು ಯಾರಾದರೂ ಮಾರಲು ಬಂದರೆ ಕೈಮುಗಿದು ಕಳಿಸಿ. ಚಾರ್‌ಮಿನಾರ್ ಚಿತ್ರವಿದ್ದರೆ ಅದು ನಿಜಾಮನ ರಾಜ್ಯದ್ದು. ಇನ್ನು, ಒಂದು ಬದಿ ಆನೆಯಿರುವ ದಪ್ಪ ತಾಮ್ರದ ಕಾಸು ಸಿಕ್ಕರೆ ಸ್ವಲ್ಪ ನಿಧಾನಿಸಿ. ಅದು ಟಿಪ್ಪುವಿನದಿರಬಹುದು. ಹಿಂಬದಿಯ ಪರ್ಷಿಯನ್ ಬರಹವನ್ನು ಬಲ್ಲವರಿಂದ ಓದಿಸಿ. 'ಫರ್ರುಖ್ಯಾಬ್ ಹಿಸಾರ್' ಎಂದಿದ್ದರೆ ಅದು ನಮ್ಮ ಚಿತ್ರದುರ್ಗದ ಟಂಕಸಾಲೆಯಲ್ಲೇ ಒತ್ತಿದ ಕಾಸು. ದುರ್ಗಕ್ಕೆ ಟಿಪ್ಪು ಇಟ್ಟಿದ್ದ ಹೆಸರು ಅದು. ಅದರ ಇಸವಿ 1218, 1222 ಎಂದೆಲ್ಲ ಓದಿಕೊಂಡು ಎಂಟುನೂರು ವರ್ಷ ಹಳೆಯದೆಂದು ಬೀಗುವವರುಂಟು. ಅವನು ಬಳಸಿದ್ದು ಮೌಲೂದಿ ಎಂಬ ಬೇರೆಯೇ ಶಕೆ, ಅಂಕಿಗಳನ್ನೂ ಬಲದಿಂದ ಎಡಕ್ಕೆ ಬರೆಸಿದ್ದ. ಲೆಕ್ಕ ಹಾಕಿದರೆ ಹದಿನೆಂಟನೇ ಶತಮಾನದ ಕೊನೆಗೇ ಬಂದು ನಿಲ್ಲುತ್ತದೆ.

ರಾಮ, ಸೀತೆ, ಹನುಮಂತರ ಚಿತ್ರವಿದ್ದು 'ಈಸ್ಟ್ ಇಂಡಿಯಾ ಕಂಪನಿ 1818' ಎಂದು ಬರೆದ ಅರ್ಧಾಣೆ, ಎರಡಾಣೆಗಳು ಜಾತ್ರೆಯ ಅಂಗಡಿಯ ಸರಕು. ಕಂಪನಿ ಮದರಾಸಿನಲ್ಲಿ ವಿಷ್ಣುವಿನ ಚಿತ್ರದ ಚಿನ್ನದ ವರಹ ಹೊರಡಿಸಿದ್ದು ನಿಜ, ಆದರೆ ಈ ತಾಮ್ರದ ಬಿಲ್ಲೆಗಳನ್ನು ಯಾವ ಟಂಕಸಾಲೆಯೂ ಹಾಕಿಲ್ಲ. ನಾಣ್ಯ ಅಕ್ಕಿಕಾಳನ್ನು ಎಳೆಯುತ್ತದೆ ಎಂದು ನಂಬಿಸುವ 'ರೈಸ್ ಪುಲ್ಲಿಂಗ್' ದಂಧೆಯವರು ಇವನ್ನೇ ಹಿಡಿದು ಓಡಾಡುತ್ತಾರೆ. ಅಕ್ಕಿಯನ್ನು ಎಳೆಯುವುದು ನಾಣ್ಯವಲ್ಲ. ಒಳಗೆ ಅಯಸ್ಕಾಂತ, ಕಾಳಿನ ಮೇಲೆ ಕಬ್ಬಿಣದ ಪುಡಿ. ನಿಮ್ಮ ಅಡುಗೆಮನೆಯ ಅಕ್ಕಿ ತಂದು ಸುರಿದು ನೋಡಿ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿವೆ, ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ್ದು. ದುರ್ಗದ ಪಕ್ಕದ ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮಿನ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯ ಸಿಕ್ಕಿವೆ. ಹೀಗಾಗಿ 'ನಮ್ಮ ಹೊಲದಲ್ಲೂ ಇರಬಹುದು, ಸಿಕ್ಕಿದ್ದು ನಮ್ಮದೇ' ಎಂಬ ಆಸೆ ಇಲ್ಲಿ ಬಲವಾಗಿದೆ. ನಿಧಿಗಳ್ಳರು ಹಳೇ ಗುಡಿಗಳ ನೆಲ ಅಗೆದು ಹಾಳು ಮಾಡುವುದೂ ಇದರಿಂದಲೇ. ಅಶೋಕನ ಹೆಸರಿನ ನಾಣ್ಯವೆಂದು ಯಾರಾದರೂ ತೋರಿಸಿದರೂ ನಂಬಬೇಡಿ: ಮೌರ್ಯರ ಕಾಲದ ಮುದ್ರಾಂಕಿತ ಬೆಳ್ಳಿ ತುಂಡುಗಳಲ್ಲಿ ಚಿಹ್ನೆಗಳಷ್ಟೇ ಇರುತ್ತವೆ, ಅಶೋಕನ ಹೆಸರಿರುವುದಿಲ್ಲ. ಅಜ್ಜಿಯ ಜಾಡಿಯದು ಮನೆಯವರ ಸ್ವತ್ತು, ಇಟ್ಟುಕೊಳ್ಳಬಹುದು, ಮಾರಬಹುದು. ನೂರು ವರ್ಷ ದಾಟಿದ ನಾಣ್ಯವನ್ನು ವಿದೇಶಕ್ಕೆ ಸಾಗಿಸುವುದು ಮಾತ್ರ 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ಅಪರಾಧ. ಪಾಯ ತೋಡುವಾಗ ಮಣ್ಣಿನಿಂದ ಎದ್ದ ಗಡಿಗೆಯ ಕಥೆ ಬೇರೆ. ನಿಧಿ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ, ಸರ್ಕಾರಕ್ಕೆ ತಿಳಿಸಲೇಬೇಕು.

ಬಾಕಿ ಚಿಲ್ಲರೆ ಏನಾಗಬೇಕು? ನಾಲ್ಕಾಣೆ ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ಕ್ಕೆ ಚಲಾವಣೆ ಕಳೆದುಕೊಂಡವು. ಎಂಟಾಣೆ ಇಂದಿಗೂ ಊರ್ಜಿತ, ಒಂದು ಸಲಕ್ಕೆ ಹತ್ತು ರೂಪಾಯಿಯವರೆಗೆ ಕೊಡಬಹುದು. ಗುಜರಿಯವನು ಕರಗಿಸಲು ಕೇಳಿದರೆ ಕೊಡಬೇಡಿ, ನಾಣ್ಯ ಕರಗಿಸುವುದು 2011ರ ನಾಣ್ಯ ಕಾಯ್ದೆಯಲ್ಲಿ ಅಪರಾಧ. ತಮಾಷೆಯೆಂದರೆ, ಐದರ ಬಿಲ್ಲೆಗೆ ಹತ್ತು ಲಕ್ಷ ಎಂದು ನಂಬುವ ಬಾಯಲ್ಲೇ 'ಹತ್ತರ ಬಿಲ್ಲೆ ನಮ್ಮೂರಾಗೆ ನಡೆಯಲ್ಲ ಕಣಣ್ಣ' ಎಂಬ ಮಾತೂ ಬರುತ್ತದೆ. ಹತ್ತು ಗೆರೆಯದು ಅಸಲಿ, ಹದಿನೈದು ಗೆರೆಯದು ನಕಲಿ ಎಂಬ ವಾದ ಬೇರೆ. ಅಲ್ಲಿಯವರೆಗೆ ಹೊರಬಂದ 14 ವಿನ್ಯಾಸಗಳೂ ಅಸಲಿಯೇ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ಜಾಡಿಯಲ್ಲಿ ಅವು ಇದ್ದರೆ ಮೊದಲು ಆರಿಸಿ ತೆಗೆಯಿರಿ, ಬ್ಯಾಂಕಿನಲ್ಲಿ ಕಟ್ಟಿಸಿಕೊಳ್ಳುತ್ತಾರೆ.